ಪಹಣಿಯ ಹನ್ನೆರಡನೇ ಕಾಲಂ

ಹೋದ ವಾರ ದಿಬ್ಬದ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆ ಆಪ್‌ನಲ್ಲಿ ರಾಗಿ ಪೈರಿನ ಫೋಟೋ ತೆಗೀತಾ ಇದ್ದೆ. ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ನಿಂತು, "ಏನಪ್ಪಾ, ರಾಗಿಗೂ ಆಧಾರ್ ಕಾರ್ಡ್ ಮಾಡಿಸ್ತಿದ್ದೀಯಾ?" ಅಂತ ಕೂಗಿದರು. ನಕ್ಕೆ. ಅವರು ಈ ವರ್ಷ ಇನ್ನೂ ಸಮೀಕ್ಷೆ ಮಾಡಿಲ್ಲ. "ಯಾರೋ ಹುಡುಗ ಬಂದು ಮಾಡ್ಕೊಂಡು ಹೋಗ್ತಾನೆ ಬಿಡು" ಅಂದರು. ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲೇ ಕೂತಿತ್ತು. ಯಾಕೆಂದರೆ ಆ ದಿಬ್ಬದ ಹೊಲ ನಮ್ಮ ಮನೆಗೆ ಬಂದಿದ್ದೇ ಒಂದು ಕಾಲಂನಲ್ಲಿ ಯಾರು ಏನು ಬರೆದರು ಅನ್ನೋದರಿಂದ. ಇವತ್ತು ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಾದಾಗ ಓದಿ.

ಪಹಣಿ ಕೈಗೆ ಬಂದ ತಕ್ಷಣ ನಾವು ನೋಡೋದು ಒಂಬತ್ತನೇ ಕಾಲಂ, ಜಮೀನು ಯಾರ ಹೆಸರಲ್ಲಿದೆ ಅಂತ. ಬ್ಯಾಂಕಿನವರು ನೋಡೋದು ಹನ್ನೊಂದನೇದು, ಸಾಲ ಏನಿದೆ ಅಂತ. ಹನ್ನೆರಡನೇದನ್ನ ಯಾರೂ ನೋಡಲ್ಲ. ಅದರಲ್ಲಿ ಇರೋದು ಇಷ್ಟೇ: ಯಾವ ವರ್ಷ, ಯಾವ ಹಂಗಾಮು, ಸಾಗುವಳಿ ಮಾಡಿದ್ದು ಯಾರು, ಏನು ಬೆಳೆ, ಎಷ್ಟು ಎಕರೆ ಎಷ್ಟು ಗುಂಟೆ. (ಗುಂಟೆ ಅಂದ್ರೆ ಹಳೇ ಸರ್ವೆ ಸರಪಳಿಯ ಲೆಕ್ಕ. ಸರಪಳಿ ಉದ್ದ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಕಂಪ್ಯೂಟರ್ ಬಂದರೂ ಆ ಸರಪಳಿ ಪಹಣಿಯಿಂದ ಬಿಟ್ಟು ಹೋಗಿಲ್ಲ.)

ಮೊದಲು ಈ ಪುಸ್ತಕ ಶಾನುಭೋಗರ ಮನೆಯಲ್ಲಿ ಇರ್ತಿತ್ತು. ಅಪ್ಪನಿಂದ ಮಗನಿಗೆ ಬರೋ ಕೆಲಸ ಅದು. 1961ರಲ್ಲಿ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಮಾಡಿದರು, 1963ರ ಫೆಬ್ರವರಿಯಿಂದ ಜಾರಿಗೆ ಬಂತು. ಆಮೇಲೆ ಸರ್ಕಾರದ ಸಂಬಳ ತಗೊಳ್ಳೋ ಗ್ರಾಮ ಲೆಕ್ಕಿಗರು ಬಂದರು. ನಮ್ಮೂರಲ್ಲಿ ಅವರನ್ನೂ ಶಾನುಭೋಗರು ಅಂತಲೇ ಕರೆದರು, ಈಗ ಅವರ ಹುದ್ದೆ ಹೆಸರು ಮತ್ತೆ ಬದಲಾದರೂ ನಮ್ಮ ಬಾಯಲ್ಲಿ ಅದೇ. 1964ರ ಭೂ ಕಂದಾಯ ಕಾಯ್ದೆಯಲ್ಲಿ 133ನೇ ಕಲಂ ಅಂತ ಒಂದಿದೆ. ಪಹಣಿಯಲ್ಲಿ ಬರೆದಿದ್ದು ಸುಳ್ಳು ಅಂತ ಸಾಬೀತಾಗೋವರೆಗೂ ಅದೇ ನಿಜ ಅಂತ ತಿಳ್ಕೋಬೇಕು ಅನ್ನುತ್ತೆ ಅದು. ಅಂದ್ರೆ ಬರೆಯೋನು ಒಂದು ನಿಮಿಷದಲ್ಲಿ ಬರೀತಾನೆ, ಅಳಿಸೋ ಭಾರ ಉಳೋನ ತಲೆ ಮೇಲೆ.

ಇದು ನಮ್ಮಪ್ಪನಿಗೆ ಅರ್ಥವಾಗಿದ್ದು 1974ರ ನಂತರ. ಅಪ್ಪ ಇಬ್ಬರು ಧಣಿಗಳ ಹತ್ತಿರ ವಾರಕ್ಕೆ ಉಳ್ತಿದ್ದರು. ದಿಬ್ಬದ ಹೊಲ 1 ಎಕರೆ 10 ಗುಂಟೆ, ಕೆರೆ ಹಿಂದಿನದು 1 ಎಕರೆ. ಬೆಳೆದದ್ದರಲ್ಲಿ ಅರ್ಧ ಅವರಿಗೆ. ದೇವರಾಜ ಅರಸರ ಸರ್ಕಾರ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಿತು, 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದು, ಉಳೋನು ಫಾರಂ ನಂಬರ್ 7 ಕೊಟ್ಟರೆ ಅವನಿಗೆ ಹಕ್ಕು ಅಂತಾಯ್ತು. ಅಪ್ಪ ಎರಡಕ್ಕೂ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿ ಮುಂದೆ ಪಹಣಿ ತೆಗೆದರೆ, ದಿಬ್ಬದ ಹೊಲದ ಹನ್ನೆರಡನೇ ಕಾಲಂನಲ್ಲಿ ಎರಡು ವರ್ಷ ಅಪ್ಪನ ಹೆಸರಿತ್ತು. ಕೆರೆ ಹಿಂದಿನದರಲ್ಲಿ ಪ್ರತಿ ವರ್ಷವೂ ಧಣಿ ಹೆಸರು, ಸ್ವಂತ ಸಾಗುವಳಿ.

ಆ ಧಣಿ ನೇಗಿಲು ಮುಟ್ಟಿದವರಲ್ಲ. ಊರಿಗೇ ಗೊತ್ತು. ಆದರೆ ಮಂಡಳಿ ಮುಂದೆ ಬಂದು ಹೇಳೋಕೆ ಇಬ್ಬರು ಒಪ್ಪಿಕೊಂಡಿದ್ದರು, ವಿಚಾರಣೆ ದಿನ ಒಬ್ಬರಿಗೆ ಜ್ವರ ಬಂತು, ಇನ್ನೊಬ್ಬರು ನೆಂಟರ ಮನೆಗೆ ಹೋದರು. ಕೆರೆ ಹಿಂದಿನದು ಹೋಯ್ತು. ಅಮ್ಮ ಈ ಕತೆ ಹೇಳುವಾಗ ಧಣಿಯನ್ನ ಬಯ್ಯುತ್ತಿರಲಿಲ್ಲ, ಸಾಕ್ಷಿಗಳನ್ನೂ ಬಯ್ಯುತ್ತಿರಲಿಲ್ಲ. "ನಿಮ್ಮಪ್ಪಂಗೆ ಓದೋಕೆ ಬರ್ತಿದ್ರೆ ಒಂದ್ ಸಲ ಆ ಪುಸ್ತಕ ನೋಡ್ತಿದ್ರು" ಅಂತಿದ್ದರು. ನನ್ನನ್ನ ಎಸ್‌ಎಸ್‌ಎಲ್‌ಸಿ ಪಾಸಾಗೋವರೆಗೂ ದನ ಕಾಯೋಕೆ ಬಿಡದೆ ಇದ್ದಿದ್ದು ಅದೇ ಕಾರಣಕ್ಕೆ.

2000ದ ಹೊತ್ತಿಗೆ 'ಭೂಮಿ' ಬಂತು. ಎಸ್.ಎಂ. ಕೃಷ್ಣ ಅವರ ಕಾಲ, ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿ ಅದನ್ನ ಹೊತ್ತು ನಡೆಸಿದವರು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರದ್ದು, ಕಂಪ್ಯೂಟರಿಗೆ ಹತ್ತಿಸಿದರು. ಒಂದೊಂದೇ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಡೆಯಲ್ಲ ಅಂತ ಮಾಡಿದರು. 15 ರೂಪಾಯಿ ಕೊಟ್ಟು ಕಿಟಕಿ ಹತ್ತಿರ ನಿಂತರೆ ಪಹಣಿ ಕೈಗೆ. ಮೊದಲ ಸಲ ಅದು ಪ್ರಿಂಟರಿಂದ ಕಿರ್ರ್ ಅಂತ ಬಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಅದಕ್ಕೂ ಮುಂಚೆ ಒಂದು ಪಹಣಿಗೆ ಎಷ್ಟು ಸಲ ಅಲೆದಿದ್ದೀವಿ, ಎಷ್ಟು ಕಾಯಿ, ಎಷ್ಟು ಅವರೆಕಾಯಿ ಹೊತ್ತಿದ್ದೀವಿ ಅಂತ ನಿಮಗೂ ಗೊತ್ತು. ಈಗಿನ ಹುಡುಗರು ಕಂಪ್ಯೂಟರ್ ಬಂದು ಏನಾಯ್ತು ಅಂತ ಕೇಳಿದರೆ ನನಗೆ ಸಿಟ್ಟು ಬರುತ್ತೆ. ಆ ಪುಸ್ತಕ ಒಬ್ಬನ ಕಂಕುಳಿಂದ ಹೊರಗೆ ಬಂತಲ್ಲ, ಅದು ಸಣ್ಣದಲ್ಲ.

ಆದರೆ ಹನ್ನೆರಡನೇ ಕಾಲಂ ಭೂಮಿಯಲ್ಲೂ ಅನಾಥವಾಗಿಯೇ ಉಳೀತು. ಒಂಬತ್ತನೇದು ಬದಲಾಗಬೇಕಾದರೆ ಮ್ಯುಟೇಷನ್ ಬೇಕು, ನೋಟಿಸ್ ಬೇಕು, ಬೆರಳು ಗುರುತು ಒತ್ತಿ ಲಾಗಿನ್ ಆಗಬೇಕು. ಬೆಳೆ ತುಂಬಬೇಕಾದರೆ ಯಾರಾದರೂ ಹೊಲಕ್ಕೆ ಬರಬೇಕು. ಮೂರು ನಾಲ್ಕು ಊರಿಗೆ ಒಬ್ಬ ಲೆಕ್ಕಿಗ, ಎಲ್ಲಿಂದ ಬರ್ತಾರೆ ಪಾಪ. ನನ್ನ ಕೆಳಗಿನ ತೋಟದಲ್ಲಿ ತೆಂಗು ಹೊಂಬಾಳೆ ಬಿಡೋವರೆಗೂ ಪಹಣಿಯಲ್ಲಿ ಹುರುಳಿ ಅಂತಲೇ ಇತ್ತು. ನಾನೂ ತಮಾಷೆ ಮಾಡ್ಕೊಂಡು ಸುಮ್ಮನಿದ್ದೆ.

ಸುಮ್ಮನಿದ್ದ ತಪ್ಪಿಗೆ ಒಂದು ವರ್ಷ ಸರಿಯಾಗಿ ಬಿತ್ತು. 2017ರ ಸುಮಾರಿಗೆ ಮೊಬೈಲ್‌ನಲ್ಲಿ ಬೆಳೆ ಸಮೀಕ್ಷೆ ಶುರುವಾಗಿತ್ತು, 2020ರ ಮುಂಗಾರಿನಿಂದ ರೈತರೇ ಮಾಡಬಹುದು ಅಂತ ಆಪ್ ಬಿಟ್ಟರು. ನಾನು ಆಲಸ್ಯ ಮಾಡಿದೆ. ಯಾರೋ ಬಂದು ದಿಬ್ಬದ ಹೊಲದ ಅಕ್ಕಡಿ ಸಾಲಿನ ಮುಂದೆ ನಿಂತು ಫೋಟೋ ಹೊಡೆದು ಹೋಗಿದ್ದಾರೆ. ರಾಗಿ ಹೊಲಕ್ಕೆ ಅವರೆ ಅಂತ ಬಿದ್ದಿದೆ. ಖರೀದಿ ಕೇಂದ್ರದಲ್ಲಿ ನೋಂದಣಿಗೆ ಹೋದರೆ, "ನಿಮ್ಮ ಎಫ್‌ಐಡಿಯಲ್ಲಿ ರಾಗಿನೇ ಇಲ್ಲ" ಅಂದರು. ಮೂಟೆ ಕಟ್ಟಿ ಇಟ್ಟ ರಾಗಿ ಮನೆಯಲ್ಲಿ, ಕಂಪ್ಯೂಟರಲ್ಲಿ ಇಲ್ಲ. ಕಡೆಗೆ ವ್ಯಾಪಾರಿಗೆ ಬೆಂಬಲ ಬೆಲೆಗಿಂತ ಕಮ್ಮಿಗೆ ಹಾಕಿದೆ. ಅಪ್ಪನಿಗೆ ಓದೋಕೆ ಬರ್ತಿರಲಿಲ್ಲ. ನನಗೆ ಬರುತ್ತೆ, ಫೋನೂ ಜೇಬಲ್ಲೇ ಇತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರ್ತಿತ್ತು, ಆದರೆ ಇನ್ನೊಂದು ಬರೀಬೇಕು.

ಮಂಡಿ ಆಪರೇಷನ್ ಆದ ವರ್ಷ ಅದೇ ದಿಬ್ಬದ ಹೊಲವನ್ನ ನಮ್ಮೂರಿನ ಒಬ್ಬರಿಗೆ ವಾರಕ್ಕೆ ಕೊಟ್ಟಿದ್ದೆ. ಉತ್ತಿದ್ದು, ಬಿತ್ತಿದ್ದು, ಕುಂಟೆ ಹೊಡೆದಿದ್ದು ಎಲ್ಲ ಅವರೇ. ಸಮೀಕ್ಷೆ ಮಾತ್ರ ನಾನು ಕೋಲೂರಿಕೊಂಡು ಹೋಗಿ ಮಾಡಿದೆ, ನನ್ನ ಹೆಸರಲ್ಲೇ. ರಾಗಿ ಹೋಗಿದ್ದು ನನ್ನ ಎಫ್‌ಐಡಿಯಲ್ಲಿ, ದುಡ್ಡು ಬಿದ್ದಿದ್ದು ನನ್ನ ಖಾತೆಗೆ. ಅವರ ಅರ್ಧ ಒಂದು ರೂಪಾಯಿ ಬಿಡದೆ ಎಣಿಸಿ ಕೊಟ್ಟೆ. ಆದರೆ ಆ ವರ್ಷದ ಹನ್ನೆರಡನೇ ಕಾಲಂ ತೆಗೆದು ನೋಡಿದರೆ, ಕೋಲೂರಿಕೊಂಡು ನಡೀತಿದ್ದ ನಾನು ಒಂದೂಕಾಲು ಎಕರೆ ಉತ್ತಿದ್ದೀನಿ. ಅವರ ಬೆವರಿನ ಗುರುತು ಎಲ್ಲೂ ಇಲ್ಲ. ಮಳೆ ಹೋಗಿದ್ದರೆ ಬರ ಪರಿಹಾರವೂ ನನಗೇ ಬರ್ತಿತ್ತು.

ಯಾಕೆ ಹಾಗೆ ಮಾಡಿದೆ ಅಂದ್ರೆ, ಭಯ. 1974ರಿಂದ ಗೇಣಿ ಕೊಡೋದೇ ಕಾನೂನಿಗೆ ವಿರುದ್ಧ, ಹಾಗಾಗಿ ಎಲ್ಲ ವಾರವೂ ಬಾಯಿ ಮಾತಿನದು. ಅವರ ಹೆಸರು ಬರೆದರೆ ನಾಳೆ ಏನಾಗುತ್ತೋ ಅಂತ. ನಮ್ಮಪ್ಪನ ಧಣಿಗೂ ಇದೇ ಭಯ ಇದ್ದಿರಬೇಕು. ಅಮ್ಮ ಇದ್ದಿದ್ದರೆ ಏನು ಅಂತಿದ್ದರೋ. ಅವರನ್ನ ಒಂದು ದಿನ ಕೇಳಿದೆ, "ನಿಂಗೆ ಬೇಜಾರಿಲ್ವೇನಪ್ಪಾ?" ಅಂತ. "ಬೇಜಾರೇನಣ್ಣ, ದುಡ್ಡು ಕೊಟ್ರಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬೆಳೆ ಸಾಲ ಕೇಳೋಕೆ ಹೋದ್ರೆ ಮಾತ್ರ ನೀನು ರೈತನೇ ಅಲ್ಲ ಅಂತಾರೆ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಪ್‌ನಲ್ಲೂ ಇಲ್ಲ.

ಸದ್ಯಕ್ಕೆ ನಮ್ಮ ಕೈಲಿ ಆಗೋದು ಇಷ್ಟು. ಹೊಲದ ಒಳಗೆ ಹೋಗಿ, ಆಪ್ ಸರ್ವೆ ನಂಬರಿನ ಗಡಿ ಒಳಗೆ ನಿಂತರೆ ಸರಿಯಾಗಿ ತಗೊಳ್ಳುತ್ತೆ, ರಸ್ತೆ ಮೇಲಿಂದ ಆಗಲ್ಲ. ಅಕ್ಕಡಿ ಹಾಕಿದ್ದರೆ ಮಿಶ್ರ ಬೆಳೆ ಅಂತ ತುಂಬಿ, ರಾಗಿ ಮುಖ್ಯ ಬೆಳೆ ಇರಲಿ. ಸಿಗ್ನಲ್ ಇಲ್ಲದಿದ್ದರೆ ಸೇವ್ ಮಾಡ್ಕೊಂಡು ಊರಿಗೆ ಬಂದು ಅಪ್‌ಲೋಡ್ ಮಾಡಬಹುದು. ಬೇರೆಯವರು ಮಾಡಿ ಹೋಗಿದ್ದರೆ 'ಬೆಳೆ ದರ್ಶಕ' ಆಪ್‌ನಲ್ಲಿ ಏನು ಬಿದ್ದಿದೆ ನೋಡಿ, ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಹಾಕಿ.

ಭಾನುವಾರ ಬೆಳಗ್ಗೆ ಹಾಲು ಹಾಕಿ ಬಂದ ಮೇಲೆ ಅರಳಿಕಟ್ಟೆ ಹತ್ತಿರ ಇರ್ತೀನಿ. ಫೋನ್ ಗೊತ್ತಾಗದವರು ಪಹಣಿ ತಗೊಂಡು ಬನ್ನಿ, ಓಟಿಪಿ ಬರೋ ನಂಬರಿನ ಫೋನೇ ತನ್ನಿ, ಮಗನದು ಸೊಸೇದು ಅಂತ ತರಬೇಡಿ. ಪಕ್ಕದ ಹೊಲದ ಅಣ್ಣನಿಗೂ ಹೇಳಿದ್ದೀನಿ, ಬರ್ತೀನಿ ಅಂದಿದ್ದಾರೆ.