ತಲೆಯೆತ್ತುವ ಬಗೆ: ಒಂದು ಭಾಷಣದ ಹಂದರ

ನವೆಂಬರ್ ತಿಂಗಳು ಬಂದಿತೆಂದರೆ ನಮ್ಮ ಕಾಲೇಜುಗಳಲ್ಲಿ ಭಾಷಣಗಳಿಗೆ ಸುಗ್ಗಿ. ವೇದಿಕೆಯ ಮೇಲೆ ಬಾವುಟ, ಮೇಜಿನ ಮೇಲೆ ಭುವನೇಶ್ವರಿಯ ಪಟ, ಮಾತನಾಡುವವನ ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ಕನ್ನಡಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ, ಎಂಟು ಜ್ಞಾನಪೀಠ ಪ್ರಶಸ್ತಿಗಳು ಬಂದಿವೆ, ಪಂಪನಂಥ ಕವಿ ಹುಟ್ಟಿದ ನಾಡಿದು ಎಂದು ಏರಿದ ಕಂಠದಲ್ಲಿ ಹೇಳಿ ಮುಗಿಸಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಚಪ್ಪಾಳೆ ನಿಂತ ಮೇಲೆ ಹಿಂದಿನ ಬೆಂಚಿನವನೊಬ್ಬ ಎದ್ದು, "ಸರಿಯಪ್ಪ, ಈಗ ನಾನೇನು ಮಾಡಬೇಕು?" ಎಂದು ಕೇಳಿದರೆ ಭಾಷಣಕಾರನ ಬಳಿ ಉತ್ತರವಿರುವುದಿಲ್ಲ. ಆ ಪ್ರಶ್ನೆಗೆ ಅವನ ಕಾಗದದಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ.

ಗ್ರೀಸ್ ದೇಶದ ಅರಿಸ್ಟಾಟಲ್ ಭಾಷಣಗಳನ್ನು ಮೂರು ವಿಧವಾಗಿ ವಿಂಗಡಿಸಿದ್ದಾನೆ. ನ್ಯಾಯಸಭೆಯ ಮಾತು ಆಗಿಹೋದದ್ದನ್ನು ಕುರಿತದ್ದು. ಉತ್ಸವದ ಮಾತು ಎದುರಿಗಿರುವುದನ್ನು ಹೊಗಳುವಂಥದು ಇಲ್ಲವೆ ತೆಗಳುವಂಥದು. ಮಂತ್ರಾಲೋಚನೆಯ ಮಾತು ಮುಂದೆ ಮಾಡಬೇಕಾದುದನ್ನು ಕುರಿತದ್ದು. ನಾವು ತರಗತಿಯಲ್ಲಿ "ಮನವೊಲಿಸುವ ಭಾಷಣವೊಂದನ್ನು ಸಿದ್ಧಪಡಿಸಿ" ಎಂದು ಮೂರನೆಯದನ್ನು ಕೇಳುತ್ತೇವೆ. ವಿದ್ಯಾರ್ಥಿಗಳು ಎರಡನೆಯದನ್ನು ತಂದೊಪ್ಪಿಸುತ್ತಾರೆ. ತಪ್ಪನ್ನು ಅವರ ಮೇಲೆಯೇ ಹೊರಿಸುವಂತಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಶಾಲೆಯಿಂದಲೂ ಅವರಿಗೆ ಕಲಿಸಿಕೊಟ್ಟ ಹಂದರ ಪ್ರಬಂಧದ್ದು. ಪ್ರಬಂಧವನ್ನು ಓದುವವನು ಬೇಕಾದಾಗ ಪುಟ ತಿರುವಿ ನೋಡಬಹುದು. ಭಾಷಣವನ್ನು ಕೇಳುವವನಿಗೆ ಒಂದೇ ಬಾರಿ ಕೇಳುವ ಅವಕಾಶ. ಅಷ್ಟರಲ್ಲಿಯೇ ಅವನ ಮನಸ್ಸು ತಿರುಗಬೇಕು. ತಿರುಗಿದ ಮನಸ್ಸು ಕೈಗೂ ಕಾಲಿಗೂ ಇಳಿಯಬೇಕು.

ಇಂಥ ಮಾತಿಗೆ ಮಾದರಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ನಾಡಿನ ಚರಿತ್ರೆಯಲ್ಲಿಯೇ, ೧೯೧೧ರಲ್ಲಿ, ಧಾರವಾಡದಲ್ಲಿ ನಡೆದ ಒಂದು ಉಪನ್ಯಾಸವಿದೆ. ಉಪನ್ಯಾಸಕರು ಬಿ. ಎಂ. ಶ್ರೀಕಂಠಯ್ಯನವರು. ವಿಷಯ: ‘ಕನ್ನಡ ಮಾತು ತಲೆಯೆತ್ತುವ ಬಗೆ’.

ಆ ಕಾಲದ ಸ್ಥಿತಿಯನ್ನು ಕೊಂಚ ನೆನೆಯಬೇಕು. ಕನ್ನಡಿಗರು ಆಗ ಒಂದು ಮನೆಯವರಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕೆಲವರು, ಮುಂಬಯಿ ಪ್ರಾಂತದಲ್ಲಿ ಕೆಲವರು, ಮದರಾಸು ಪ್ರಾಂತದಲ್ಲಿ, ನಿಜಾಮನ ಸೀಮೆಯಲ್ಲಿ, ಕೊಡಗಿನಲ್ಲಿ ಉಳಿದವರು. ಧಾರವಾಡದ ಕಡೆ ಮರಾಠಿಯ ಪ್ರಾಬಲ್ಯ. ಅಲ್ಲಿಯ ಶಾಲೆಗಳಲ್ಲಿ ಕನ್ನಡಕ್ಕೆ ಎಡೆ ದೊರಕಿಸಲು ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. ೧೮೯೦ರ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದು ಈ ಹೆಣಗಾಟದ ಮುಂದುವರಿಕೆಯಾಗಿಯೇ. ಆ ಸಂಘದ ಪತ್ರಿಕೆಗೆ ಇಟ್ಟ ಹೆಸರು ‘ವಾಗ್ಭೂಷಣ’. ಇತ್ತ ಮೈಸೂರಿನಲ್ಲಿ ಕನ್ನಡಕ್ಕೆ ಅರಮನೆಯ ಆಶ್ರಯವಿದ್ದರೂ ಕಾಲೇಜಿನ ಒಳಗೆ ಇಂಗ್ಲಿಷಿನದೇ ಆಳ್ವಿಕೆ. ಓದಿದವನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ಪಂಡಿತನು ಹಳಗನ್ನಡದಲ್ಲಿಯೋ ಸಂಸ್ಕೃತಭೂಯಿಷ್ಠವಾದ ಶೈಲಿಯಲ್ಲಿಯೋ ಬರೆಯುತ್ತಿದ್ದ. ನಡುವೆ ಇದ್ದ ಜನಕ್ಕೆ ಎರಡೂ ಎಟುಕುತ್ತಿರಲಿಲ್ಲ.

ಇಂಥ ಸಮಯದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರೊಬ್ಬರು ಧಾರವಾಡಕ್ಕೆ ಬಂದು ಕನ್ನಡದ ಪರವಾಗಿ ಮಾತನಾಡಿದರು. ಶ್ರೀಕಂಠಯ್ಯನವರು ಹುಟ್ಟಿದ್ದು ೧೮೮೪ರ ಜನವರಿಯಲ್ಲಿ. ಅಂದರೆ ಇನ್ನೂ ಇಪ್ಪತ್ತೇಳರ ತರುಣರು. ಮಾತು ಒಪ್ಪಿಗೆಯಾಗಲು ಆಡುವವನ ಶೀಲ, ಕೇಳುವವನ ಭಾವ, ಹೇಳುವ ಯುಕ್ತಿ ಈ ಮೂರೂ ಕೂಡಬೇಕೆಂದು ಅರಿಸ್ಟಾಟಲ್ ಹೇಳುತ್ತಾನೆ. ಶ್ರೀಕಂಠಯ್ಯನವರ ಮಟ್ಟಿಗೆ ಮೊದಲನೆಯದು ಬಾಯಿ ತೆರೆಯುವ ಮುನ್ನವೇ ಸಿದ್ಧವಾಗಿತ್ತು. ಇಂಗ್ಲಿಷ್ ಬಾರದವನು ಕನ್ನಡ ಬೇಕೆಂದರೆ, ಪಾಪ, ಅವನಿಗೆ ಬೇರೆ ಗತಿಯಿಲ್ಲ ಎಂದು ತಳ್ಳಿಹಾಕಬಹುದಾಗಿತ್ತು. ಇಂಗ್ಲಿಷಿನಿಂದಲೇ ಅನ್ನ ಉಣ್ಣುತ್ತಿದ್ದ, ಇಂಗ್ಲಿಷ್ ಕಾವ್ಯದ ರುಚಿ ಕಂಡಿದ್ದ ಅಧ್ಯಾಪಕನ ಮಾತನ್ನು ಹಾಗೆ ತಳ್ಳುವುದು ಸುಲಭವಾಗಿರಲಿಲ್ಲ.

ಇನ್ನು ಯುಕ್ತಿಯ ಮಾತು. ಉಪನ್ಯಾಸದ ಹೆಸರನ್ನೇ ಬಿಡಿಸಿ ನೋಡಿದರೆ ಅದರ ಹಂದರ ಕಾಣುತ್ತದೆ. ‘ಕನ್ನಡ ಮಾತು’: ಇದು ವಿಷಯ. ಕನ್ನಡ ಭಾಷೆ ಎನ್ನದೆ ಕನ್ನಡ ಮಾತು ಎಂದದ್ದರಲ್ಲಿಯೇ ಅವರು ಯಾವ ಕನ್ನಡದ ಪಕ್ಷ ಹಿಡಿಯಲಿದ್ದಾರೆಂಬ ಸೂಚನೆಯಿದೆ. ‘ತಲೆಯೆತ್ತುವ’: ಇದು ಕೊರತೆಯ ಒಪ್ಪಿಗೆ. ಬಾಗಿದ ತಲೆ ತಾನೆ ಎತ್ತಬೇಕಾದದ್ದು? ನಮ್ಮ ಇಂದಿನ ಉತ್ಸವದ ಭಾಷಣಗಳು ಈ ಒಪ್ಪಿಗೆಗೆ ಅಂಜುತ್ತವೆ. ‘ಬಗೆ’: ಇದು ದಾರಿ. ಕನ್ನಡ ತಲೆಯೆತ್ತಬೇಕು ಎಂದು ಹೇಳಿ ನಿಲ್ಲಿಸಿದ್ದರೆ ಅದೊಂದು ಹಾರೈಕೆಯಾಗುತ್ತಿತ್ತು. ಬಗೆ ಎಂದದ್ದರಿಂದ ಹೊಣೆಯಾಯಿತು.

ಆ ದಾರಿಯ ಸಾರ ಇಷ್ಟು: ಹಳಗನ್ನಡದ ಸಿರಿಯನ್ನು ಓದಿ ಅರಿಯಬೇಕು, ಆದರೆ ಮುಂದಿನ ಸಾಹಿತ್ಯ ಜನಕ್ಕೆ ತಿಳಿಯುವ ಹೊಸಗನ್ನಡದಲ್ಲಿ ಬೆಳೆಯಬೇಕು. ಇಂಗ್ಲಿಷ್ ಕಲಿತವರು ಆ ಸಾಹಿತ್ಯದಿಂದ ಪಡೆದ ಹೊಸ ಸತ್ತ್ವವನ್ನು ತಾಯ್ನುಡಿಗೆ ತಂದು ತುಂಬಬೇಕು. ಇದರಲ್ಲಿ ಪಂಡಿತನಿಗೂ ಕೆಲಸವಿದೆ, ಪದವೀಧರನಿಗೂ ಕೆಲಸವಿದೆ. ಇಬ್ಬರನ್ನೂ ಬೈದು ಎದುರು ಹಾಕಿಕೊಳ್ಳದೆ ಇಬ್ಬರ ಕೈಗೂ ಒಂದೊಂದು ಗುದ್ದಲಿ ಕೊಟ್ಟಂತಾಯಿತು.

ಯುಕ್ತಿ ಸರಿಯಾಗಿದ್ದ ಮಾತ್ರಕ್ಕೆ ಮನವೊಲಿದೀತೆ? ಕುಮಾರವ್ಯಾಸನ ಉದ್ಯೋಗಪರ್ವವನ್ನು ಓದಿದವರಿಗೆ ಇದರ ಉತ್ತರ ಗೊತ್ತು. ಕೃಷ್ಣನು ಕರ್ಣನನ್ನು ಏಕಾಂತಕ್ಕೆ ಕರೆದು ಅವನ ಜನ್ಮವೃತ್ತಾಂತವನ್ನು ತಿಳಿಸುತ್ತಾನೆ. ಪಾಂಡವರ ಹಿರಿಯಣ್ಣನೆಂಬ ಗೌರವವನ್ನೂ ಸಿಂಹಾಸನವನ್ನೂ ಮುಂದಿಡುತ್ತಾನೆ. ಕೃಷ್ಣನಿಗಿಂತ ಮಿಗಿಲಾದ ಮಾತುಗಾರನಿಲ್ಲ, ಹೇಳಿದ್ದು ಸತ್ಯ, ಕರ್ಣ ಅದನ್ನು ನಂಬುತ್ತಾನೆ ಕೂಡ. ಆದರೂ ಕೌರವನ ಪಕ್ಷವನ್ನು ಬಿಟ್ಟು ಬರುವುದಿಲ್ಲ. ಅನ್ನವಿಟ್ಟ ಒಡೆಯನ ಋಣ ಅವನನ್ನು ಹಿಡಿದಿದೆ. ನಂಬಿಸುವುದು ಬೇರೆ, ನಡೆಸುವುದು ಬೇರೆ. ಕೇಳುವವನನ್ನು ಯಾವುದು ಹಿಡಿದು ನಿಲ್ಲಿಸಿದೆಯೆಂಬುದನ್ನು ತಿಳಿಯದೆ ಕಟ್ಟಿದ ಭಾಷಣ, ಎಷ್ಟು ಸತ್ಯವಾಗಿದ್ದರೂ, ಬಾಗಿಲವರೆಗೆ ಬಂದು ಹಿಂತಿರುಗುತ್ತದೆ.

೧೯೧೧ರ ಓದಿದ ಕನ್ನಡಿಗನನ್ನು ಹಿಡಿದಿದ್ದದ್ದು ಒಂದು ಸಂಕೋಚ: ಹೊಸಗನ್ನಡದಲ್ಲಿ ಗಂಭೀರವಾದದ್ದನ್ನು ಹೇಳಲು ಸಾಧ್ಯವೇ ಎಂಬ ಶಂಕೆ. ಈ ಶಂಕೆಗೆ ಸಭೆಯಲ್ಲಿ ಕೊಡುವ ಉತ್ತರ ಅರ್ಧ ಮಾತ್ರ. ಉಳಿದರ್ಧವನ್ನು ಮಾಡಿಯೇ ತೋರಿಸಬೇಕು. ಶ್ರೀಕಂಠಯ್ಯನವರು ಮಾಡಿ ತೋರಿಸಿದರು. ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂತು. ಹೊಸ ಛಂದಸ್ಸಿನಲ್ಲಿ ಹೊಸ ಭಾವ ಕನ್ನಡದಲ್ಲಿ ಮೈದಾಳಬಲ್ಲದೆಂಬುದಕ್ಕೆ ಅದೇ ಸಾಕ್ಷಿ. ‘ಗದಾಯುದ್ಧ ನಾಟಕಂ’, ‘ಅಶ್ವತ್ಥಾಮನ್’, ‘ಪಾರಸಿಕರು’ ಗ್ರೀಕ್ ರುದ್ರನಾಟಕದ ಗಾಂಭೀರ್ಯವನ್ನು ಕನ್ನಡಕ್ಕೆ ತಂದವು. ೧೯೨೮ರಲ್ಲಿ ಅವರು ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ೧೯೩೮ರಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆ, ಅಚ್ಚುಕೂಟ, ಕಾವ-ಜಾಣ ಪರೀಕ್ಷೆಗಳು ಹೀಗೆ ಒಂದೊಂದಾಗಿ ಕೆಲಸಕ್ಕೆ ಕೈಹಾಕಿದರು. ಇಂಗ್ಲಿಷ್ ಪ್ರಾಧ್ಯಾಪಕರನ್ನು ನಾಡು ‘ಕನ್ನಡದ ಕಣ್ವ’ ಎಂದು ಕರೆಯಿತು.

ಇದೆಲ್ಲ ಒಂದು ಭಾಷಣದ ಫಲವೆಂದರೆ ಇತಿಹಾಸಕ್ಕೆ ಅನ್ಯಾಯವಾದೀತು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಪರಿಷತ್ತು ಹುಟ್ಟಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು. ೧೯೧೭ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು, ೧೯೨೭ರಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾಯಿತು. ಅನೇಕರ ಬೆವರು ಇದರಲ್ಲಿದೆ. ಆದರೆ ಈ ಕೆಲಸಗಳೆಲ್ಲ ಸಾಗಿದ ದಿಕ್ಕನ್ನು ಆ ಉಪನ್ಯಾಸ ಮೊದಲೇ ತೋರಿಸಿತ್ತೆಂಬುದು ಅದರ ಹಿರಿಮೆ. ೧೯೪೬ರ ಜನವರಿ ೫ರಂದು ಶ್ರೀಕಂಠಯ್ಯನವರು ತೀರಿಕೊಂಡದ್ದು ಧಾರವಾಡದಲ್ಲಿಯೇ, ಅಲ್ಲಿಯ ಕಾಲೇಜೊಂದರ ಪ್ರಾಂಶುಪಾಲರಾಗಿದ್ದಾಗ. ಕೊಟ್ಟ ಮಾತಿಗೆ ಮೂವತ್ತೈದು ವರ್ಷ ದುಡಿದು ಮಾತು ಕೊಟ್ಟ ಊರಿನಲ್ಲಿಯೇ ಕಣ್ಣು ಮುಚ್ಚಿದಂತಾಯಿತು.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಭಾಷಣಕಲೆಯನ್ನು ಕಲಿಸುತ್ತಿದ್ದ ಆಲನ್ ಮನ್ರೋ ೧೯೩೦ರ ದಶಕದಲ್ಲಿ ಐದು ಮೆಟ್ಟಿಲುಗಳ ಕ್ರಮವೊಂದನ್ನು ರೂಪಿಸಿದ. ಮೊದಲು ಕೇಳುಗನ ಗಮನವನ್ನು ಸೆಳೆಯಬೇಕು. ಆಮೇಲೆ ಕೊರತೆಯನ್ನು ಮನಗಾಣಿಸಬೇಕು. ಅದನ್ನು ನೀಗುವ ಉಪಾಯವನ್ನು ಹೇಳಬೇಕು. ಉಪಾಯ ಫಲಿಸಿದಾಗಿನ ಚಿತ್ರವನ್ನು ಕಣ್ಣಿಗೆ ಕಟ್ಟಿಸಬೇಕು. ಕಡೆಗೆ ಮಾಡಬೇಕಾದ ಕೆಲಸವನ್ನು ಸ್ಪಷ್ಟವಾಗಿ ಕೇಳಬೇಕು. ಇಂದಿಗೂ ಕಾಲೇಜಿನ ಭಾಷಣ ತರಗತಿಗಳಲ್ಲಿ ಈ ಕ್ರಮವನ್ನು ಹೇಳಿಕೊಡುತ್ತಾರೆ. ಒಳ್ಳೆಯ ಕ್ರಮವೇ. ಆದರೆ ಕೊರತೆ, ಉಪಾಯ, ಕೆಲಸ ಎಂಬ ಮೂರು ಮುಖ್ಯ ಮೆಟ್ಟಿಲುಗಳು ‘ತಲೆಯೆತ್ತುವ ಬಗೆ’ ಎಂಬ ಎರಡು ಮಾತುಗಳೊಳಗೆ ಅದಕ್ಕೂ ಮೊದಲೇ ಅಡಗಿದ್ದವೆಂಬುದನ್ನು ನಮ್ಮ ಹುಡುಗರಿಗೆ ಹೇಳಿದರೆ ಅವರಿಗೆ ಹೆಮ್ಮೆಯೂ ಆದೀತು, ಪ್ರಯೋಜನವೂ ಆದೀತು.

ನಮ್ಮ ಶ್ರೀಗಂಧದ ಕಾವಲಿಗೆ ಸಮೀಪದಲ್ಲಿಯೇ ಇರುವ ಜ್ಞಾನಭಾರತಿಯನ್ನು ನೋಡಿದಾಗ ಇನ್ನೊಂದು ಭಾಷಣ ನೆನಪಾಗುತ್ತದೆ. ಅದು ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯದ ಆವರಣ. ಆ ವಿಶ್ವವಿದ್ಯಾನಿಲಯದ ೧೯೭೪ರ ಘಟಿಕೋತ್ಸವದಲ್ಲಿ ಕುವೆಂಪು ಮಾಡಿದ ಭಾಷಣ ‘ವಿಚಾರಕ್ರಾಂತಿಗೆ ಆಹ್ವಾನ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಘಟಿಕೋತ್ಸವವೆಂದರೆ ಹೊಗಳಿಕೆಗೂ ಹರಕೆಗೂ ಮೀಸಲಾದ ಸಭೆ. ಅಂಥ ಸಭೆಯಲ್ಲಿ ನಿಂತು ಅವರು ತರುಣರಿಗೆ ಜಾತಿಮೌಢ್ಯವನ್ನು ಬಿಟ್ಟು ಸ್ವಂತ ಬುದ್ಧಿಯಿಂದ ಯೋಚಿಸಿರೆಂದು ಕೇಳಿದರು. ಉತ್ಸವದ ಮಾತನ್ನು ಮಂತ್ರಾಲೋಚನೆಯ ಮಾತಾಗಿ ಮಾರ್ಪಡಿಸುವುದು ಹೇಗೆಂಬುದಕ್ಕೆ ಅದೊಂದು ನಿದರ್ಶನ. ಅಲ್ಲಿ ‘ಬಗೆ’, ಇಲ್ಲಿ ‘ಆಹ್ವಾನ’: ಎರಡು ಹೆಸರುಗಳೂ ಕೇಳುಗನ ಕಡೆಗೆ ಕೈಚಾಚುತ್ತವೆ.

ಹಾಗಾದರೆ ಇಂದಿನ ವಿದ್ಯಾರ್ಥಿ ತನ್ನ ಐದು ನಿಮಿಷದ ಭಾಷಣಕ್ಕೆ ಹಂದರ ಹಾಕುವುದು ಹೇಗೆ? ಕೊನೆಯಿಂದ ಹಾಕಬೇಕು ಎಂಬುದು ನನ್ನ ಸಲಹೆ. ಒಂದು ಉದಾಹರಣೆಯನ್ನು ನೋಡೋಣ. ಪೀಣ್ಯದ ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಬಂದು ನಮ್ಮ ಪಕ್ಕದ ಬೀದಿಗಳಲ್ಲಿಯೇ ನೆಲೆಸಿದ ಕೆಲಸಗಾರರಿಗೆ ಕನ್ನಡ ಕಲಿಸೋಣ ಎಂದು ಒಬ್ಬಳು ತನ್ನ ತರಗತಿಯನ್ನು ಒಲಿಸಬೇಕಾಗಿದೆಯೆಂದು ಇಟ್ಟುಕೊಳ್ಳಿ. ಮೊದಲು ಹಾಳೆಯ ಕೆಳಗಡೆ ಒಂದು ವಾಕ್ಯ ಬರೆದುಕೊಳ್ಳಲಿ: "ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ನೀವು ಮೂವರು ನನ್ನೊಡನೆ ಬರಬೇಕು." ಅದರ ಮೇಲೆ, ಗೆಳೆಯರನ್ನು ತಡೆಯುವ ಸಂಗತಿ: ಸಮಯವಿಲ್ಲ ಎನ್ನುವುದು ನೆಪ, ಕಲಿಸಲು ಬಾರದೆಂಬ ಅಳುಕೇ ನಿಜವಾದ ಕಾರಣವಿರಬಹುದು. ಅದರ ಮೇಲೆ, ಆ ಅಳುಕಿಗೆ ಮದ್ದು: ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಬೇಕಾಗುವ ಇಪ್ಪತ್ತು ಮಾತುಗಳ ಒಂದು ಪಟ್ಟಿ. ಅದರ ಮೇಲೆ ಕೊರತೆ: ಔಷಧದ ಚೀಟಿಯನ್ನು ಹಿಡಿದು ಯಾರನ್ನು ಏನೆಂದು ಕೇಳಬೇಕೆಂದು ತಿಳಿಯದೆ ನಿಂತವನ ಪಾಡು. ಎರಡು ಸಾವಿರ ವರ್ಷಗಳ ಇತಿಹಾಸಕ್ಕೆ ಜಾಗ ಉಳಿದರೆ ಎಲ್ಲಕ್ಕಿಂತ ಮೇಲೆ ಒಂದು ಸಾಲು, ಉಳಿಯದಿದ್ದರೆ ಚಿಂತೆಯಿಲ್ಲ. ಮಾತನಾಡುವಾಗ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋದರಾಯಿತು. ಇನ್ನೊಂದು ಮಾತು: ಆ ಭಾನುವಾರ ಯಾರೂ ಬರದಿದ್ದರೂ ತಾನು ಹೋಗುವೆನೆಂಬ ನಿಶ್ಚಯ ಅವಳಲ್ಲಿರಬೇಕು. ೧೯೧೧ರ ಉಪನ್ಯಾಸ ಗಟ್ಟಿಯಾಗಿ ಉಳಿದದ್ದು ಅಂಥ ನಿಶ್ಚಯದಿಂದ.

‘ಬಗೆ’ ಎಂಬ ಪದಕ್ಕೆ ಹೊಸಗನ್ನಡದಲ್ಲಿ ರೀತಿ, ದಾರಿ ಎಂಬ ಅರ್ಥವೇ ಬಳಕೆಯಲ್ಲಿದೆ. ಹಳಗನ್ನಡದಲ್ಲಿ ಅದಕ್ಕೆ ಮನಸ್ಸು, ಆಶಯ ಎಂಬ ಅರ್ಥವೂ ಉಂಟು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರನ್ನು ಮೆಚ್ಚುವಾಗ ಹದವರಿತು ನುಡಿಯುವ ಜಾಣ್ಮೆಯನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ; ನುಡಿದದ್ದನ್ನು ಅರಿತು ವಿಚಾರಮಾಡುವ ಶಕ್ತಿಯನ್ನೂ ಜೊತೆಗೆ ಹೇಳಿತು. ಆಡುವವನೂ ಕೇಳುವವನೂ ಸೇರಿದರೇ ಮಾತು. ಕೇಳುವವನ ಬಗೆಯನ್ನು ಅರಿತವನಿಗೆ ಮಾತಿನ ಬಗೆ ತಾನಾಗಿ ಹೊಳೆಯುತ್ತದೆ. ಈ ನವೆಂಬರಿನಲ್ಲಿ ವೇದಿಕೆ ಏರುವ ಮಕ್ಕಳಿಗೆ ಇಷ್ಟನ್ನು ಹೇಳಿಕೊಟ್ಟರೆ ಚಪ್ಪಾಳೆ ಸ್ವಲ್ಪ ಕಡಮೆಯಾಗಬಹುದು; ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರವಂತೂ ದೊರೆಯುತ್ತದೆ.