ಚರ್ಚ್ ಸಮುದಾಯ ತೋಟ

ಚರ್ಚ್ ಸಮುದಾಯ ತೋಟ ಎಂದರೆ ಒಂದು ಚರ್ಚು ತನ್ನ ಸ್ವಂತ ಜಾಗದಲ್ಲಿ ಅಥವಾ ತನಗೆ ದಾನವಾಗಿ ದೊರೆತ ಜಾಗದಲ್ಲಿ ಆರಂಭಿಸಿ, ಸ್ವಯಂಸೇವಕರ ದುಡಿಮೆಯಿಂದ ನಡೆಸುವ ತರಕಾರಿ ತೋಟ. ಇಂತಹ ತೋಟಗಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಬೆಳೆದ ತರಕಾರಿಯನ್ನು ದುಡಿದವರು ಹಂಚಿಕೊಳ್ಳುವುದು, ಆಹಾರ ಬ್ಯಾಂಕುಗಳಿಗೆ ಕೊಡುವುದು, ಅಥವಾ ಇವೆರಡನ್ನೂ ಮಾಡುವುದು ವಾಡಿಕೆ. ಚರ್ಚಿನ ಸದಸ್ಯರಲ್ಲದ ನೆರೆಹೊರೆಯವರಿಗೂ ಇವುಗಳಲ್ಲಿ ಸಾಮಾನ್ಯವಾಗಿ ಪ್ರವೇಶವಿರುತ್ತದೆ.

ಹಿನ್ನೆಲೆ

ಹೊಲದ ಅಂಚಿನ ಪೈರನ್ನು ಪೂರ್ತಿಯಾಗಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ನಿಯಮ ಬೈಬಲ್ಲಿನ ಯಾಜಕಕಾಂಡದಲ್ಲಿದೆ. ಚರ್ಚ್ ತೋಟಗಳನ್ನು ನಡೆಸುವವರು ಈ ನಿಯಮವನ್ನು ಆಗಾಗ ನೆನೆಯುತ್ತಾರೆ.

ಅಮೆರಿಕದಲ್ಲಿ ಖಾಲಿ ನಿವೇಶನಗಳ ಬೇಸಾಯ ಹೆಸರುವಾಸಿಯಾದದ್ದು 1890ರ ದಶಕದಲ್ಲಿ. 1893ರ ಆರ್ಥಿಕ ಕುಸಿತದಿಂದ ಸಾವಿರಾರು ಜನ ಕೆಲಸ ಕಳೆದುಕೊಂಡಾಗ, ಡೆಟ್ರಾಯಿಟ್ ನಗರದ ಮೇಯರ್ ಹೇಜನ್ ಪಿಂಗ್ರಿ 1894ರಲ್ಲಿ ಖಾಲಿ ನೆಲದಲ್ಲಿ ಆಲೂಗಡ್ಡೆ ಮತ್ತಿತರ ತರಕಾರಿ ಬೆಳೆಯಲು ನಿರುದ್ಯೋಗಿಗಳಿಗೆ ಅವಕಾಶ ಕಲ್ಪಿಸಿದರು. ಬೀಜ ಮತ್ತು ಉಪಕರಣಗಳ ಖರ್ಚಿಗಾಗಿ ಅವರು ನಗರದ ಚರ್ಚುಗಳ ನೆರವು ಕೋರಿದರು. ಸಂಗ್ರಹವಾದ ಹಣ ತೀರ ಅಲ್ಪವಾದುದರಿಂದ ತಮ್ಮ ಸ್ವಂತ ಕುದುರೆಯನ್ನು ಮಾರಿ ಯೋಜನೆಗೆ ಹಣ ಒದಗಿಸಿದರು. ಮುಂದೆ ಎರಡು ಮಹಾಯುದ್ಧಗಳ ಕಾಲದಲ್ಲಿ ಮನೆಮನೆಯ ತರಕಾರಿ ಬೇಸಾಯಕ್ಕೆ ಸರ್ಕಾರವೇ ಉತ್ತೇಜನ ನೀಡಿತು.

ಸೀಡರ್ ಗ್ರೋವ್‌ನ ಅನಾತೋತ್ ತೋಟ

ಚರ್ಚ್ ತೋಟಗಳಲ್ಲಿ ಹೆಚ್ಚು ಪರಿಚಿತವಾದ ಒಂದು ಉದಾಹರಣೆ ಉತ್ತರ ಕೆರೊಲಿನಾ ರಾಜ್ಯದ ಸೀಡರ್ ಗ್ರೋವ್ ಎಂಬ ಗ್ರಾಮೀಣ ಪ್ರದೇಶದಲ್ಲಿದೆ. 2004ರಲ್ಲಿ ಅಲ್ಲಿನ ಅಂಗಡಿಯೊಂದರ ಮಾಲೀಕನನ್ನು ಅಂಗಡಿಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ಬಿಳಿಯರೂ ಕರಿಯರೂ ನೆರೆಹೊರೆಯಲ್ಲಿದ್ದೂ ದೂರದೂರವಾಗಿಯೇ ಬದುಕುತ್ತಿದ್ದ ಆ ಊರಿನಲ್ಲಿ ಭಯ ಮತ್ತು ಸಂಶಯ ಹೆಚ್ಚಾದವು. ಕೊಲೆಯ ನಂತರ ಊರಿನವರು ಒಂದೆಡೆ ಸೇರಿ ಶಾಂತಿಗಾಗಿ ಪ್ರಾರ್ಥಿಸಿದರು. ಬಳಿಕ ಅಲ್ಲಿನ ಆಫ್ರಿಕನ್-ಅಮೆರಿಕನ್ ಮಹಿಳೆಯೊಬ್ಬರು ಊರಿನ ಒಳಿತಿಗಾಗಿ ತಮ್ಮ ಐದು ಎಕರೆ ಭೂಮಿಯನ್ನು ಕೊಟ್ಟರು. ಬಿಳಿಯರೇ ಹೆಚ್ಚಾಗಿದ್ದ ಸೀಡರ್ ಗ್ರೋವ್ ಯುನೈಟೆಡ್ ಮೆಥಡಿಸ್ಟ್ ಚರ್ಚ್ ಈ ದಾನವನ್ನು ಸ್ವೀಕರಿಸಿ 2005ರಲ್ಲಿ ತೋಟ ಆರಂಭಿಸಿತು.

ತೋಟದ ಹೆಸರು ಬೈಬಲ್ಲಿನ ಪ್ರವಾದಿ ಯೆರೆಮೀಯನ ಕಥೆಯಿಂದ ಬಂದಿದೆ. ಜೆರುಸಲೇಮ್ ಶತ್ರುಗಳ ಮುತ್ತಿಗೆಯಲ್ಲಿದ್ದಾಗಲೇ ಅವನು ಅನಾತೋತ್ ಊರಿನಲ್ಲಿ ಹೊಲವೊಂದನ್ನು ಕೊಂಡನು. ಕೆಟ್ಟ ಕಾಲದಲ್ಲಿಯೂ ನೆಲದ ಮೇಲೆ ಭರವಸೆ ಇಟ್ಟದ್ದಕ್ಕೆ ಆ ಖರೀದಿ ಸಂಕೇತವಾಗಿದೆ.

ಸದಸ್ಯರು ಅತ್ಯಲ್ಪ ವಾರ್ಷಿಕ ಶುಲ್ಕ ಕೊಟ್ಟು, ವಾರದಲ್ಲಿ ಕೆಲವು ಗಂಟೆ ದುಡಿದು, ಫಸಲಿನಲ್ಲಿ ಪಾಲು ಪಡೆಯುವ ಪದ್ಧತಿಯನ್ನು ಇಲ್ಲಿ ಅನುಸರಿಸಲಾಯಿತು. ಕೆಲಸದ ದಿನ ಎಲ್ಲರೂ ಮನೆಯಿಂದ ಅಡುಗೆ ತಂದು ಒಟ್ಟಿಗೆ ಕುಳಿತು ಊಟ ಮಾಡುವ ಪದ್ಧತಿಯೂ ಬೆಳೆಯಿತು. ಹೀಗೆ ಕೊಡುವವರು, ಪಡೆಯುವವರು ಎಂಬ ಭೇದ ತೋಟದ ಮಟ್ಟಿಗೆ ಕಡಿಮೆಯಾಯಿತು. ತೋಟದ ಮೊದಲ ನಿರ್ವಾಹಕರಾಗಿದ್ದ ಫ್ರೆಡ್ ಬಾನ್ಸನ್ 2013ರಲ್ಲಿ ಪ್ರಕಟವಾದ ‘ಸಾಯಿಲ್ ಅಂಡ್ ಸ್ಯಾಕ್ರಮೆಂಟ್’ ಎಂಬ ಕೃತಿಯಲ್ಲಿ ಈ ಅನುಭವವನ್ನು ದಾಖಲಿಸಿದ್ದಾರೆ.

ಬಾಲ್ಟಿಮೋರ್‌ನ ಪ್ರಯೋಗ

ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದ ಪ್ಲೆಸೆಂಟ್ ಹೋಪ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಆಗಿದ್ದ ಹೀಬರ್ ಬ್ರೌನ್, ತಮ್ಮ ಸಭೆಯ ಅನೇಕರು ಆಹಾರಕ್ಕೆ ಸಂಬಂಧಿಸಿದ ಕಾಯಿಲೆಗಳಿಂದ ಆಸ್ಪತ್ರೆ ಸೇರುವುದನ್ನು ಕಂಡರು. ಹತ್ತಿರದ ಮಾರುಕಟ್ಟೆಯ ತಾಜಾ ತರಕಾರಿ ದುಬಾರಿಯಾಗಿತ್ತು. ಆದ್ದರಿಂದ ಚರ್ಚಿನ ಮುಂದಿನ ಸುಮಾರು 1,500 ಚದರ ಅಡಿ ಜಾಗವನ್ನೇ ತೋಟವಾಗಿ ಮಾರ್ಪಡಿಸಲಾಯಿತು. 2015ರಲ್ಲಿ ಪೊಲೀಸ್ ವಶದಲ್ಲಿದ್ದಾಗ ಗಾಯಗೊಂಡ ಫ್ರೆಡ್ಡಿ ಗ್ರೇ ಎಂಬ ಯುವಕ ಸಾವಿಗೀಡಾದ ನಂತರ ನಗರದಲ್ಲಿ ಗಲಭೆ ನಡೆದು ಅಂಗಡಿಗಳು ಮುಚ್ಚಿದಾಗ ಈ ಚರ್ಚು ಆಹಾರ ಹಂಚಿಕೆಯ ಕೇಂದ್ರವಾಯಿತು. ಅದೇ ವರ್ಷ ಕಪ್ಪು ಜನಾಂಗದ ರೈತರನ್ನೂ ಚರ್ಚುಗಳನ್ನೂ ಜೋಡಿಸುವ ‘ಬ್ಲ್ಯಾಕ್ ಚರ್ಚ್ ಫುಡ್ ಸೆಕ್ಯೂರಿಟಿ ನೆಟ್‌ವರ್ಕ್’ ಎಂಬ ಸಂಘಟನೆ ಆರಂಭವಾಯಿತು.

ನೆಲ ಮತ್ತು ನೀರು

ಹೆಚ್ಚಿನ ತರಕಾರಿಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆಗಳ ನೇರ ಬಿಸಿಲು ಬೇಕು. ನೀರಿನ ನಲ್ಲಿ ಹತ್ತಿರದಲ್ಲಿಯೇ ಇರಬೇಕು. ಹಳೆಯ ಕಟ್ಟಡಗಳ ಸುತ್ತಲಿನ ಮಣ್ಣಿನಲ್ಲಿ ಹಿಂದಿನ ಬಣ್ಣಗಳಿಂದ ಉದುರಿದ ಸೀಸದ ಅಂಶ ಉಳಿದಿರುವ ಸಂಭವವಿರುವುದರಿಂದ ಬಿತ್ತನೆಗೆ ಮೊದಲು ಮಣ್ಣಿನ ಪರೀಕ್ಷೆ ಅಗತ್ಯ. ಸೀಸ ಹೆಚ್ಚಿದ್ದರೆ ಚೌಕಟ್ಟು ಕಟ್ಟಿ, ಹೊರಗಿನಿಂದ ತಂದ ಶುದ್ಧ ಮಣ್ಣನ್ನು ತುಂಬಿ ಏರುಮಡಿಗಳನ್ನು ಮಾಡುತ್ತಾರೆ. ಎರಡೂ ಬದಿಗಳಿಂದ ಕೈಗೆ ಎಟುಕುವಂತೆ ಮಡಿಯ ಅಗಲವನ್ನು ಸುಮಾರು ನಾಲ್ಕು ಅಡಿಗೆ ಮಿತಗೊಳಿಸುವುದು ರೂಢಿ. ಎತ್ತರದ ಮಡಿಗಳಿಂದ ವೃದ್ಧರಿಗೂ ಗಾಲಿಕುರ್ಚಿ ಬಳಸುವವರಿಗೂ ಅನುಕೂಲವಾಗುತ್ತದೆ.

ಸ್ವಯಂಸೇವಕರ ನಿರ್ವಹಣೆ

ತೋಟಕ್ಕೆ ನೆಲ ದೊರಕಿಸುವುದಕ್ಕಿಂತ ಜನರನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸ. ವಸಂತ ಋತುವಿನಲ್ಲಿ ಸಸಿ ನೆಡಲು ಅನೇಕರು ಬರುತ್ತಾರೆ. ಕಳೆಯೂ ಫಸಲೂ ಒಟ್ಟಿಗೆ ಹೆಚ್ಚುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕುಟುಂಬಗಳು ರಜೆಯ ಪ್ರವಾಸಕ್ಕೆ ಹೋಗುತ್ತವೆ. ಆಗ ಕೆಲಸವೆಲ್ಲ ಇಬ್ಬರು ಮೂವರ ಮೇಲೆ ಬಿದ್ದು, ಅವರು ದಣಿದು ಹಿಂದೆ ಸರಿದರೆ ತೋಟ ನಿಂತುಹೋಗುತ್ತದೆ. ಇದನ್ನು ತಡೆಯಲು ಕೆಲವು ಕ್ರಮಗಳು ಬಳಕೆಯಲ್ಲಿವೆ:

• ವಾರದ ನಿಗದಿತ ದಿನ ಮತ್ತು ಗಂಟೆಯಲ್ಲಿ ಸಾಮೂಹಿಕ ಕೆಲಸ ನಡೆಸುವುದು.
• ನೀರು, ಗೊಬ್ಬರ, ಕಳೆ, ಕೊಯ್ಲು, ಹಂಚಿಕೆ ಇವುಗಳಿಗೆ ಬೇರೆ ಬೇರೆ ಹೊಣೆಗಾರರನ್ನು ನೇಮಿಸುವುದು.
• ಬೇಸಿಗೆಯ ಸರದಿ ಪಟ್ಟಿಯನ್ನು ನಾಟಿಗೆ ಮೊದಲೇ ಸಿದ್ಧಪಡಿಸುವುದು.
• ಕೈಗಳ ಸಂಖ್ಯೆಗೆ ತಕ್ಕಷ್ಟೇ ಮಡಿಗಳನ್ನು ಮಾಡಿ, ಕ್ರಮೇಣ ವಿಸ್ತರಿಸುವುದು.

ಬೇಸಾಯದ ಅನುಭವವಿಲ್ಲದವರಿಗೆ ‘ಮಾಸ್ಟರ್ ಗಾರ್ಡನರ್’ ಸ್ವಯಂಸೇವಕರ ಮಾರ್ಗದರ್ಶನ ದೊರೆಯುತ್ತದೆ. ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಗಳು ತರಬೇತಿ ನೀಡುವ ಈ ಕಾರ್ಯಕ್ರಮ 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾಯಿತು.

ಫಸಲಿನ ಹಂಚಿಕೆ

ಪ್ರತಿ ಕುಟುಂಬಕ್ಕೆ ಒಂದು ಮಡಿ ಕೊಡುವುದು ಒಂದು ಕ್ರಮ. ಎಲ್ಲರೂ ಸೇರಿ ಬೆಳೆದು ಹಂಚಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಹೊಣೆ ಸ್ಪಷ್ಟ, ಆದರೆ ಬಿಟ್ಟುಹೋದ ಮಡಿಗಳಲ್ಲಿ ಕಳೆ ಬೆಳೆಯುತ್ತದೆ. ಎರಡನೆಯದರಲ್ಲಿ ಒಗ್ಗಟ್ಟು ಹೆಚ್ಚು, ಆದರೆ ದುಡಿಮೆ ಸಮನಾಗಿಲ್ಲವೆಂಬ ಅಸಮಾಧಾನ ಮೂಡಬಹುದು. ದಾನ ಕೊಡುವ ತರಕಾರಿಯನ್ನು ಆಹಾರ ಬ್ಯಾಂಕಿನ ವಿತರಣಾ ದಿನಕ್ಕೆ ಹೊಂದಿಸಿ ಕೊಯ್ಯುವುದು ಸೂಕ್ತ. ಸದುದ್ದೇಶದಿಂದ ಆಹಾರ ದಾನ ಮಾಡಿದವರಿಗೆ, ಘೋರ ನಿರ್ಲಕ್ಷ್ಯದ ಪ್ರಸಂಗಗಳನ್ನು ಬಿಟ್ಟು, 1996ರ ಬಿಲ್ ಎಮರ್ಸನ್ ಕಾಯ್ದೆ ಕಾನೂನಿನ ರಕ್ಷಣೆ ನೀಡುತ್ತದೆ.

ಸಮಸ್ಯೆಗಳು

ನೀರಿನ ಶುಲ್ಕ ಯಾರದು, ಅಪಘಾತವಾದರೆ ಚರ್ಚಿನ ವಿಮೆ ಅನ್ವಯಿಸುತ್ತದೆಯೇ, ಹೊರಗಿನ ಸದಸ್ಯರಿಗೂ ನಿರ್ಧಾರದಲ್ಲಿ ಮತವಿದೆಯೇ ಎಂಬ ಪ್ರಶ್ನೆಗಳು ಲಿಖಿತ ಒಪ್ಪಂದವಿಲ್ಲದ ಕಡೆ ವಿವಾದವಾಗುತ್ತವೆ. ಯುನೈಟೆಡ್ ಮೆಥಡಿಸ್ಟ್ ಪಂಥದಲ್ಲಿ ಪಾಸ್ಟರ್‌ಗಳನ್ನು ನೇಮಿಸುವವರೂ ವರ್ಗಾಯಿಸುವವರೂ ಬಿಷಪ್ಪರು. ಒಬ್ಬ ಪಾಸ್ಟರ್‌ನ ಉತ್ಸಾಹವನ್ನೇ ನೆಚ್ಚಿದ ತೋಟ ಅವರ ವರ್ಗಾವಣೆಯ ನಂತರ ಬೆಂಬಲ ಕಳೆದುಕೊಳ್ಳುವ ಸಂಭವವಿದೆ.

ಸಹಾಯ ಪಡೆಯುವವರನ್ನು ಕೇವಲ ಫಲಾನುಭವಿಗಳಾಗಿ ಕಾಣುವ ಧೋರಣೆ ಇನ್ನೊಂದು ದೋಷ. ಯಾವ ತರಕಾರಿ ಬೆಳೆಯಬೇಕೆಂದು ಅವರನ್ನು ಕೇಳದಿದ್ದರೆ, ಅವರ ಅಡುಗೆಮನೆಯಲ್ಲಿ ಬಳಕೆಯಿಲ್ಲದ ಸೊಪ್ಪು, ಕಾಯಿಗಳು ಹಂಚಿಕೆಯ ಮೇಜಿನ ಮೇಲೆಯೇ ಉಳಿಯುತ್ತವೆ.