ಪರದೇಶಿ ವರ್ತಕರ ಪ್ರವೇಶಾಧಿಕಾರ: ತರ್ದವಾಡಿ ಸೀಮೆಯ ದೃಷ್ಟಿಯಿಂದ ಒಂದು ವಿಚಾರ

ಭೀಮಾ ಕೃಷ್ಣಾ ನದಿಗಳ ನಡುವಣ ಸೀಮೆಯಲ್ಲಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ತಾಲ್ಲೂಕುಗಳಿರುವುವಷ್ಟೆ. ಪೂರ್ವದಲ್ಲಿ ಈ ಭಾಗದಲ್ಲಿ ತರ್ದವಾಡಿ ಸಾಸಿರವೆಂಬ ನಾಡು ಪ್ರಸಿದ್ಧವಾಗಿದ್ದಿತು. ಇಂಡಿ ತಾಲ್ಲೂಕಿನ ತದ್ದೇವಾಡಿಯೇ ಅದರ ಮುಖ್ಯಸ್ಥಾನವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಈ ನಾಡನ್ನು ಚಾಲುಕ್ಯ ತೈಲಪನಿಗೆ ಅಣುಗಜೀವಿತವಾಗಿ ಕೊಟ್ಟಿದ್ದನೆಂಬುದು ಬಾಗೇವಾಡಿ ತಾಲ್ಲೂಕಿನ ನರಸಲಗಿಯ ಕ್ರಿ. ಶ. ೯೬೫ರ ಶಾಸನದಿಂದ ವಿದಿತವಾಗುತ್ತದೆ. ಈ ಸೀಮೆಗೆ ವಾಯವ್ಯದಲ್ಲಿ ಕಳಚುರ್ಯರ ಮಂಗಳವಾಡ, ಈಶಾನ್ಯದಲ್ಲಿ ಚಾಲುಕ್ಯರ ಕಲ್ಯಾಣ, ತೆಂಕಣ ದಿಕ್ಕಿನಲ್ಲಿ ಕೃಷ್ಣೆಯ ಆಚೆಗೆ ಅಯ್ಯಾವೊಳೆ. ಇಂತಹ ನಾಡಿನಲ್ಲಿ ಹೊರನಾಡ ವರ್ತಕರ ಓಡಾಟವು ಸಹಜವಾದುದು. ಹಾಗೆ ಬಂದವನು ಯಾವ ಅಧಿಕಾರದಿಂದ ಸಂತೆಯಲ್ಲಿ ಸರಕನ್ನು ಹರಡುತ್ತಿದ್ದನು? ಊರವರು ಅವನನ್ನು ಹೇಗೆ ನಂಬುತ್ತಿದ್ದರು? ಇದು ಇಲ್ಲಿ ವಿಚಾರಣೀಯವಾದ ವಿಷಯ.

ಶಾಸ್ತ್ರವು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡಿದೆ. ಮಹಾಮಹೋಪಾಧ್ಯಾಯ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಶುಲ್ಕಾಧ್ಯಕ್ಷ ಪ್ರಕರಣವನ್ನು ನೋಡಬೇಕು. ಸಾರ್ಥದೊಡನೆ ಬಂದ ವರ್ತಕರು ಯಾರು, ಎಲ್ಲಿಯವರು, ಎಷ್ಟು ಸರಕನ್ನು ತಂದಿದ್ದಾರೆ, ಮುದ್ರೆಯನ್ನು ಎಲ್ಲಿ ಹಾಕಿಸಿದ್ದಾರೆ ಎಂಬಿವನ್ನು ಲೇಖಕರು ಬರೆದುಕೊಳ್ಳಬೇಕೆಂದು ಅಲ್ಲಿ ವಿಧಿಯಿದೆ. ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ಸುಂಕ. ಕೂಟಮುದ್ರೆಗೆ ಎಂಟು ಮಡಿ ದಂಡ. ಪಣ್ಯಾಧ್ಯಕ್ಷ ಪ್ರಕರಣವಾದರೋ ಪರದೇಶದ ಸರಕನ್ನು ಅನುಗ್ರಹದಿಂದ ಬರಮಾಡಿಕೊಳ್ಳಬೇಕೆಂದು ವಿಧಿಸುತ್ತದೆ. ಆಗಂತುಕ ವರ್ತಕರ ಮೇಲೆ, ಅವರು ಸ್ಥಳೀಯರೊಡನೆ ಕೂಡಿ ವ್ಯವಹರಿಸುವವರಾದ ಹೊರತು, ಹಣದ ವ್ಯಾಜ್ಯವನ್ನು ಹೂಡಕೂಡದೆಂದೂ ಅದೇ ಪ್ರಕರಣವು ಹೇಳುತ್ತದೆ. ಲೆಕ್ಕ ಮತ್ತು ಅಭಯ ಎಂಬೆರಡು ಅಂಗಗಳು ಇಲ್ಲಿ ಒಟ್ಟಿಗೇ ಇರುವುದನ್ನು ಗಮನಿಸಬೇಕು.

ಇನ್ನು ಶಾಸನಗಳ ಸಾಕ್ಷ್ಯ. ಅಯ್ಯಾವೊಳೆಯ ಐನೂರ್ವರು ತಮ್ಮ ಪ್ರಶಸ್ತಿಗಳಲ್ಲಿ ತಾವು ಐನೂರು ವೀರಶಾಸನಗಳನ್ನು ಪಡೆದವರೆಂದೂ ಬಣಂಜುಧರ್ಮವನ್ನು ಪಾಲಿಸುವವರೆಂದೂ ಹೇಳಿಕೊಳ್ಳುತ್ತಾರೆ. ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಭೇದವೂ ವರ್ತಕರ ಶಾಸನಗಳಲ್ಲಿ ಕಾಣುತ್ತದೆ. ಹೊರನಾಡಿನವರು ಸ್ಥಳೀಯ ಸಮೂಹದಲ್ಲಿ ಸೇರಿಕೊಂಡ ರೀತಿಗೆ ಬೆಳಗಾವಿಯ ೧೨೦೪ರ ಶಾಸನವು ಉತ್ತಮವಾದ ನಿದರ್ಶನ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ವೇಣುಗ್ರಾಮದ ರಟ್ಟಜಿನಾಲಯಕ್ಕೆ ಸರಕುಗಳ ಮೇಲಿನ ಆಯವನ್ನು ಬಿಟ್ಟವರಲ್ಲಿ ಕೂಂಡಿ ಮೂರುಸಾಸಿರದ ವರ್ತಕರ ಜೊತೆಗೆ ಲಾಳದೇಶದವರೂ ಮಲೆಯಾಳದವರೂ ಇದ್ದರು. ಲಾಳವೆಂದರೆ ಈಗಿನ ದಕ್ಷಿಣ ಗುಜರಾತು. ಬೇರೆ ನುಡಿಯ, ಬೇರೆ ಅರಸರ ನಾಡುಗಳಿಂದ ಬಂದ ಈ ಜನರ ಹೆಸರು ಊರಿನ ಸಮೂಹಗಳ ಹೆಸರಿನೊಡನೆ ಒಂದೇ ಕಲ್ಲಿನ ಮೇಲೆ ಕೆತ್ತಲ್ಪಟ್ಟಿತು.

ಇಲ್ಲಿ ಒಂದು ಆಕ್ಷೇಪವುಂಟು. ದಾನಶಾಸನವು ಅನುಜ್ಞಾಪತ್ರವಲ್ಲ; ಧರ್ಮಬುದ್ಧಿಯಿಂದ ಕೊಟ್ಟುದನ್ನು ವ್ಯಾಪಾರದ ಹಕ್ಕಿಗೆ ಪ್ರಮಾಣವೆಂದು ಹಿಡಿಯುವುದು ಅತಿವ್ಯಾಪ್ತಿಯಾಗುವುದೆಂದು ಹೇಳಬಹುದು. ಆಕ್ಷೇಪವು ಯುಕ್ತವಾದುದೇ. ಆದರೆ ಆಯವು ಮನಬಂದಂತೆ ಕೊಟ್ಟ ಕಾಣಿಕೆಯಲ್ಲ; ಇಂತಿಷ್ಟು ಸರಕಿಗೆ ಇಂತಿಷ್ಟೆಂದು ಸಭೆಯ ಮುಂದೆ ಗೊತ್ತುಮಾಡಿದ ಸಲುವಳಿ. ಅದನ್ನು ವರ್ಷವರ್ಷವೂ ಸಲ್ಲಿಸಬೇಕಾದವನು ಆ ಊರಿಗೆ ಮತ್ತೆ ಮತ್ತೆ ಬರುವವನೇ ಆಗಿರಬೇಕು. ಆದುದರಿಂದ ದಾನವು ಹಕ್ಕನ್ನು ಹುಟ್ಟಿಸಿತೆಂದು ಹೇಳದಿದ್ದರೂ, ಹಕ್ಕನ್ನು ಊರು ಒಪ್ಪಿದ್ದಿತೆಂಬುದಕ್ಕೆ ಗಮಕವೆಂದು ಹೇಳಲು ಬಾಧಕವಿಲ್ಲ.

ಪರದೇಶಿಗೆ ನಿಜವಾದ ಭಯವು ಸುಂಕದಿಂದಲ್ಲ, ಅನಾಥತ್ವದಿಂದ. ದೇಶಾಂತರದಲ್ಲಿ ವರ್ತಕನು ಸತ್ತರೆ ಅವನ ಧನವು ಯಾರಿಗೆ? ದಾಯಾದರು, ಬಂಧುಗಳು, ಜ್ಞಾತಿಗಳು, ಇಲ್ಲವೆ ಅವನೊಡನೆ ಬಂದವರು ಪಡೆಯತಕ್ಕದ್ದು, ಇವರಾರೂ ಇಲ್ಲದಾಗ ಮಾತ್ರ ಅರಸನು ಎಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ಅದಕ್ಕೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ತರ್ದವಾಡಿಯೂ ಆ ಚಾಲುಕ್ಯರ ರಾಜ್ಯದಲ್ಲಿಯೇ ಇದ್ದಿತು. ಆಂಧ್ರದೇಶದ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವನು ೧೨೪೪ರಲ್ಲಿ ಕಡಲ ವರ್ತಕರಿಗೆ ಅಭಯಶಾಸನವನ್ನು ಕೊಟ್ಟನು. ಒಡೆದ ಹಡಗಿನ ಸರಕನ್ನು ಅರಸರು ಸೆಳೆದುಕೊಳ್ಳುವ ಪದ್ಧತಿಯನ್ನು ಬಿಟ್ಟು, ಮೂವತ್ತರಲ್ಲಿ ಒಂದು ಪಾಲು ಸುಂಕವನ್ನು ಮಾತ್ರ ಆತನು ನಿಯಮಿಸಿದನು. ಅಭಯವಿಲ್ಲದ ಕಡೆಗೆ ವರ್ತಕನು ಬಾರನೆಂಬುದನ್ನು ಅರಸರು ಬಲ್ಲವರಾಗಿದ್ದರು.

ಹೊರಗಿನವರಿಗೆ ಎಡೆಕೊಡುವ ಈ ಧರ್ಮವು ವಾಣಿಜ್ಯಕ್ಕೇ ಸೀಮಿತವಾಗಿರಲಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ೯೪೫ರ ಶಾಸನದಲ್ಲಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಶಾಲೆಯನ್ನು ಕಟ್ಟಿಸಿದ ವೃತ್ತಾಂತವಿದೆ. ಅಲ್ಲಿ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿದ್ದರು. ಅವರ ವಾಸಕ್ಕೆ ೨೭ ನಿವೇಶನಗಳೂ ಶಾಲೆಗೆ ೫೦೦ ನಿವರ್ತನ ಭೂಮಿಯೂ ದತ್ತವಾದುವು. ಮದುವೆ ಮುಂಜಿಗಳಲ್ಲಿ ಊರವರೂ ಶಾಲೆಗೆ ಹಣ ಕೊಡುವ ಕಟ್ಟಳೆಯಿದ್ದಿತು. ವರ್ತಕನು ಊರಿಗೆ ಕೊಟ್ಟು ಊರಿನವನಾದನು. ವಿದ್ಯಾರ್ಥಿಯು ಊರಿನಿಂದ ಪಡೆದು ಊರಿನವನಾದನು.

ಕಾಲಾಂತರದಲ್ಲಿ ಎಲ್ಲೆಗಳು ಬದಲಾದುವು. ೧೯೫೬ರ ನವೆಂಬರ್ ೧ರಂದು ವಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಸೊಲ್ಲಾಪುರವು ಆಚೆಯಲ್ಲಿಯೇ ಉಳಿಯಿತು. ಅದುವರೆಗೆ ಒಂದೇ ಪ್ರಾಂತದವರಾಗಿದ್ದ ಇಂಡಿಯ ವರ್ತಕನೂ ಸೊಲ್ಲಾಪುರದ ವರ್ತಕನೂ ಒಂದು ದಿನದಲ್ಲಿ ಪರಸ್ಪರ ಪರರಾಜ್ಯದವರಾದರು. ಒಂದು ರಾಜ್ಯದಲ್ಲಿ ನೋಂದಾಯಿತವಾದ ಕಂಪನಿಯು ಮತ್ತೊಂದು ರಾಜ್ಯದಲ್ಲಿ ಪುನಃ ಹುಟ್ಟಬೇಕಾಗಿಲ್ಲವೆಂಬುದು ನಿಜ. ಆದರೆ ೨೦೧೭ರ ಜುಲೈ ೧ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ನಿಯಮದಂತೆ ನೋಂದಣಿಯು ರಾಜ್ಯರಾಜ್ಯಕ್ಕೂ ಬೇರೆ. ಸಂಖ್ಯೆಯ ಮೊದಲ ಎರಡು ಅಂಕಿಗಳು ಕರ್ನಾಟಕಕ್ಕೆ ೨೯, ಮಹಾರಾಷ್ಟ್ರಕ್ಕೆ ೨೭. ಸ್ಥಿರವಾದ ಅಂಗಡಿಯಿಲ್ಲದೆ ಆಗೊಮ್ಮೆ ಈಗೊಮ್ಮೆ ಬಂದು ಮಾರುವವನು ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಿ ೯೦ ದಿನಗಳ ನೋಂದಣಿಯನ್ನು ಪಡೆಯತಕ್ಕದ್ದು. ಅದನ್ನು ಇನ್ನೂ ೯೦ ದಿನ ಮುಂದುವರಿಸಲು ಅವಕಾಶವಿದೆ. ಯಾರು, ಎಲ್ಲಿಯವನು, ಎಷ್ಟು ಸರಕು ಎಂಬ ಶುಲ್ಕಾಧ್ಯಕ್ಷನ ಪ್ರಶ್ನೆಗಳೇ ಇಲ್ಲಿಯೂ ಕೇಳಿಬರುತ್ತವೆ.

ಹೀಗೆ ಪರದೇಶಿಯ ವ್ಯವಹಾರಕ್ಕೆ ಮೂರು ಆಧಾರಗಳು ಸಿದ್ಧಿಸುತ್ತವೆ: ಅವನ ಗುರುತನ್ನು ತಿಳಿಸುವ ಮುದ್ರೆ, ಅವನ ಧನವನ್ನು ಕಾಯುವ ಅಭಯ, ಅವನನ್ನು ಊರಿನೊಡನೆ ಬೆಸೆಯುವ ಆಯ. ಮೊದಲೆರಡನ್ನು ರಾಜಶಾಸನವು ಕೊಡಬಲ್ಲುದು. ಮೂರನೆಯದು ಜನರ ನಡುವೆ ನಡೆದುಬರಬೇಕಾದುದು. ವರ್ತಕರ ದಾನಶಾಸನಗಳನ್ನು ಕೇವಲ ದೇವಾಲಯಗಳ ಚರಿತ್ರೆಗೆಂದು ಓದದೆ, ಅನ್ಯನು ನಂಬಿಕಸ್ಥನಾದ ಬಗೆಯನ್ನು ತಿಳಿಯುವುದಕ್ಕೂ ವಿದ್ವಾಂಸರು ಓದುವುದು ಉಚಿತವಾಗಿದೆ.